ಗುಡ್ಡ ಇಳಿದವರನ್ನು ಎಣಿಸುತ್ತಿದ್ದ ಕಾಕಾ

ಮೊದಲು ನೆನಪಾಗುವುದು ಅವರ ಕಾಲುಗಳು. ಮುಖ, ಕತ್ತು, ತೋಳು ಎಲ್ಲ ನಮ್ಮ ಎರೆಮಣ್ಣಿನ ಬಣ್ಣ. ಮೊಣಕಾಲಿನ ಕೆಳಗೆ ಮಾತ್ರ ಬೇರೆ ಯಾರದೋ ಕಾಲು ತಂದು ಜೋಡಿಸಿದ ಹಾಗೆ ಬೆಳ್ಳಗೆ, ಮೆತ್ತಗೆ, ನೀಲಿ ನರ ಎದ್ದು ಕಾಣುತ್ತಿದ್ದವು. ನೆಲದಲ್ಲಿ ಕುಣಿ ತೋಡಿ ಹೂಡಿದ ಮಗ್ಗ ಅವರದು. ಬೆಳಿಗ್ಗೆ ಆ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆ ಊಟಕ್ಕೊಮ್ಮೆ, ಚಹಕ್ಕೆರಡು ಸಲ ಎದ್ದದ್ದು ಬಿಟ್ಟರೆ ಸಂಜೆಯ ತನಕ ಆ ಕಾಲಿಗೆ ಬಿಸಿಲು ತಾಕುತ್ತಿರಲಿಲ್ಲ. ಹಾಗೆ ನಲವತ್ತು ವರ್ಷ ಕಳೆದಿದ್ದರು.

ನಾನು ಸವಡಿಯವಳು. ನಮ್ಮ ತವರಿನವರು ಮಗ್ಗ ಬಿಟ್ಟು ಹೊಲ ಹಿಡಿದು ಎರಡು ತಲೆಮಾರಾಗಿತ್ತು. ಗಜೇಂದ್ರಗಡದ ಈ ನೇಕಾರರ ಓಣಿಗೆ ಸೊಸೆಯಾಗಿ ಬಂದಾಗ ಗಂಡನ ಮನೆಯಲ್ಲೂ ಮಗ್ಗ ನಿಂತುಹೋಗಿತ್ತು. ಗಂಡ ಕಿರಾಣಿ ಅಂಗಡಿ ಇಟ್ಟಿದ್ದ. ಆದರೆ ಎದುರುಮನೆಯಲ್ಲಿ ಮಗ್ಗ ಇತ್ತು, ಅದರ ಸದ್ದು ಇತ್ತು, ಆ ಸದ್ದಿನ ಒಡೆಯರು ಇದ್ದರು. ಓಣಿಗೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕು. ಒಬ್ಬಳೇ ಮಗಳು, ಅಸೂಟಿಗೆ ಕೊಟ್ಟಿದ್ದರು. ಕಾಕಾ ನನ್ನನ್ನು ಎಂದೂ ಹೆಸರು ಹಿಡಿದು ಕರೆಯಲಿಲ್ಲ. ಬಂದ ಮರುದಿನವೇ ಕಿಟಕಿಯಿಂದ ಕೂಗಿದ್ದರು: “ಏ ಸವಡಿಯಾಕಿ, ಬರೇ ಬಯಲು ನೋಡಿ ಬೆಳದಾಕಿ ನೀ. ಗುಡ್ಡ ಅಂದ್ರ ಏನಂತ ಗೊತ್ತೇನು?”

ಗೊತ್ತಿರಲಿಲ್ಲ. ಗೊತ್ತು ಮಾಡಿಸಿದವರು ಅವರು. ಎಷ್ಟು ಚೆನ್ನಾಗಿ ಗೊತ್ತಾಯಿತೆಂದರೆ, ಈಗ ಮನೆ ಕಸ ಗುಡಿಸಲು ಬಾಗಿಲು ತೆಗೆದು ಎದುರಿಗೆ ಗುಡ್ಡ ಕಂಡರೆ ಒಮ್ಮೊಮ್ಮೆ ಬಾಗಿಲು ಮತ್ತೆ ಮುಚ್ಚಿಬಿಡುತ್ತೇನೆ.

ನಮ್ಮ ಓಣಿಯಲ್ಲಿ ಅಮಾವಾಸ್ಯೆಗೆ ಮಗ್ಗ ಮುಟ್ಟುವುದಿಲ್ಲ. ಉಳಿದವರು ಆ ದಿನ ಮಲಗುತ್ತಿದ್ದರು, ನೆಂಟರ ಮನೆಗೆ ಹೋಗುತ್ತಿದ್ದರು. ಕಾಕಾ ಗುಡ್ಡಕ್ಕೆ ಹೋಗುತ್ತಿದ್ದರು, ಬರಿಗಾಲಲ್ಲಿ. “ಮುಂಜಾನಿಂದ ಸಂಜೀತನಾ ಕುಣ್ಯಾಗ ಇರೂ ಕಾಲು ಇವು. ತಿಂಗಳಿಗೊಮ್ಮೆ ಗುಡ್ಡಾ ತೋರಸಲಿಲ್ಲ ಅಂದ್ರ ನನ್ನ ಮ್ಯಾಲ ಸಿಟ್ಟಾಗತಾವ” ಅನ್ನುತ್ತಿದ್ದರು. ಒಬ್ಬರೇ ಹೋಗುವ ಜಾತಿಯಲ್ಲ. ಓಣಿಯ ಬಾಗಿಲು ಬಾಗಿಲು ತಟ್ಟಿ ಹೊರಡಿಸುತ್ತಿದ್ದರು. ಅಮಾವಾಸ್ಯೆಯ ಹಿಂದೆಮುಂದೆ ರವಿವಾರ ಬಂದು ರಜೆ ಉದ್ದವಾಯಿತೋ, ಅವರನ್ನು ಹಿಡಿಯುವವರೇ ಇಲ್ಲ. ಒಂದು ದಿನ ನಮ್ಮ ಊರ ಗುಡ್ಡ, ಒಂದು ದಿನ ಗಾಳಿ ಗಿರಣಿಗಳು ತಿರುಗುವ ಆಚೆಯ ಗುಡ್ಡ, ಒಂದು ದಿನ ನರಗುಂದದ ಕೋಟೆ ಗುಡ್ಡ. ಯಾವ ಮನೆಯವರು ಯಾವ ಚಟ್ನಿ ತರಬೇಕೆಂಬುದನ್ನೂ ಅವರೇ ಗೊತ್ತುಮಾಡುತ್ತಿದ್ದರು. ಎರಡು ಮನೆಯಿಂದ ಶೇಂಗಾ ಚಟ್ನಿ ಬಂತೆಂದರೆ ತಪ್ಪು ಮಾಡಿದವರು ಗುಡ್ಡ ಇಳಿಯುವ ತನಕ ಅವರ ಬಾಯಿಗೆ ಆಹಾರ.

ಮೇಲೆ ಹತ್ತಿದ ಮೇಲೆ ಊರಿನ ಕಡೆ ಮುಖ ಮಾಡಿ ಊಟಕ್ಕೆ ಕೂರುವಂತಿಲ್ಲ. “ಮನಿ ಮಾಳಗಿ ಕಂಡ್ರ ಮನಿ ಕೆಲಸಾ ನೆನಪಾಗತಾವ. ಈ ಕಡೆ ಹೊಳ್ಳ್ರಿ” ಎಂದು ಹೆಂಗಸರನ್ನೆಲ್ಲ ತಿರುಗಿಸಿ ಕೂರಿಸುತ್ತಿದ್ದರು. ನನ್ನ ಅತ್ತೆ, ಮನೆಯಲ್ಲಿ ಯಾರ ಮಾತೂ ಕೇಳದವರು, ಅಲ್ಲಿ ತೆಪ್ಪಗೆ ತಿರುಗಿ ಕೂತು ಖಡಕ್ ರೊಟ್ಟಿ ಮುರಿಯುವುದನ್ನು ನೋಡಿ ನನಗೆ ಒಳಗೊಳಗೇ ಸಂತೋಷವಾಗುತ್ತಿತ್ತು.

ಇನ್ನೊಂದು ಕಟ್ಟಳೆ ಇತ್ತು. ಹತ್ತುವಾಗ ಯಾರೂ ಯಾರಿಗೂ ಕಾಯಬೇಕಾಗಿಲ್ಲ. ಇಳಿಯುವಾಗ ಕಾಕಾ ಎಲ್ಲರಿಗಿಂತ ಮೊದಲು ಕೆಳಗಿಳಿದು ನಿಂತು, ಬಂದವರನ್ನು ಬೆರಳು ಮಡಚಿ ಎಣಿಸುತ್ತಿದ್ದರು. ಲೆಕ್ಕ ತುಂಬುವ ತನಕ ಯಾರೂ ಅಲ್ಲಿಂದ ಕದಲುವಂತಿಲ್ಲ. ಹೆಂಗಸರನ್ನು ಮಾತ್ರ ಅವರು ಎಣಿಸುತ್ತಿದ್ದದ್ದು ಸೀರೆಯ ಮೇಲೆ. ಓಣಿಯ ಅರ್ಧ ಸೀರೆ ಅವರ ಮಗ್ಗದಿಂದಲೇ ಇಳಿದವು. “ನಿಮ್ಮ ಮಾರಿ ಯಾಂವ ನೋಡ್ತಾನ? ನಾ ನನ್ನ ಸೀರಿ ಎಣಸ್ತೀನಿ” ಎಂದು ಅವರಂದರೆ ಎಲ್ಲರೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಎರಡನೆಯ ವರ್ಷದ ತನಕ.

ನಾನು ಸೊಸೆಯಾಗಿ ಬಂದ ಎರಡನೆಯ ವರ್ಷದ ಒಂದು ಮಧ್ಯಾಹ್ನ ಕಾಕುಗೆ ಮಜ್ಜಿಗೆ ಕೊಡಲು ಹೋದೆ. ಕಾಕು ಒಳಗಿರಲಿಲ್ಲ. ಕಾಕಾ ಕುಣಿಯಲ್ಲಿ ಕೂತು ನೇಯುತ್ತಿದ್ದರು. “ನೋಡವಾ, ಈ ನೀಲಿ ಹ್ಯಾಂಗ ಬಂದೈತಿ?” ಅಂದರು. ನಾನು ನೋಡಿದೆ. ನಾಲ್ಕು ಬೆರಳು ಅಗಲ ನೇಯ್ದಿದ್ದರು. ನೀಲಿಯಾಗಿರಲಿಲ್ಲ.

“ಕಾಕಾ, ಇದು ಹಸರ ಐತಲ್ರಿ.”

ಅವರ ಕೈ ನಿಂತಿತು. ಬಾಗಿಲ ಬೆಳಕಿಗೆ ಬಟ್ಟೆಯನ್ನು ಎಳೆದು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು. ಆಮೇಲೆ ನೇಯ್ದದ್ದನ್ನು ಒಂದೊಂದೇ ಎಳೆ ಬಿಚ್ಚತೊಡಗಿದರು. ನಾನು ಮಜ್ಜಿಗೆಯ ತಂಬಿಗೆ ಹಿಡಿದುಕೊಂಡೇ ನಿಂತಿದ್ದೆ. ಕೊನೆಗೆ ಅವರೇ ಹೇಳಿದರು. ಮುಖಗಳು ಮಸುಕಾಗಿ ಒಂದು ವರ್ಷವಾಗಿತ್ತಂತೆ. ಏನೋ ಸುಳ್ಳು ಕಾರಣ ಹೇಳಿ ಗದಗಿಗೆ ಹೋಗಿ ಕಣ್ಣು ತೋರಿಸಿಕೊಂಡು ಬಂದಿದ್ದರು. ಸಕ್ಕರೆ ಕಾಯಿಲೆ ಕಣ್ಣಿನ ನರ ತಿಂದಿದೆ, ಹೋದದ್ದು ಮರಳಿ ಬರುವುದಿಲ್ಲ ಅಂದಿದ್ದರಂತೆ ಡಾಕ್ಟರು.

“ಕೈ ಅದಾವಲ್ಲ. ಎಳಿ ಹರದ್ರ ಬೆರಳಿಗೆ ತಿಳೀತೈತಿ. ಬಣ್ಣ ಅಷ್ಟ ಮೋಸಾ ಮಾಡತಾವ, ಈ ಕತ್ತಲ್ಯಾಗ” ಅಂದರು. ಆಮೇಲೆ, “ನಮ್ಮನಿಯಾಕಿಗೆ ಹೇಳಬ್ಯಾಡ. ನೂಲು ಕೊಡೂ ಮಂದಿಗೆ ಗೊತ್ತಾದ್ರ ನಾಳಿಂದ ನನಗ ನೂಲಿಲ್ಲ. ಮಗ್ಗ ನಿಂತ್ರ ನಾ ನಿಂತಂಗ. ಯಾರಿಗೂ ಹೇಳಬ್ಯಾಡವಾ.”

ಹೇಳುವುದಿಲ್ಲ ಅಂದೆ. ಅಂದಿನಿಂದ ದಿನಾ ಮಧ್ಯಾಹ್ನ ಹೋಗಿ, ನೂಲು ಸುತ್ತಿದ ಕಂಡಿಕೆಗಳನ್ನು ಬಣ್ಣದ ಪ್ರಕಾರ ಬಲದಿಂದ ಎಡಕ್ಕೆ ಸಾಲಾಗಿ ಇಟ್ಟು ಬರುತ್ತಿದ್ದೆ. ನಾನು ನೇಯ್ಗೆ ಕಲಿಯುತ್ತಿದ್ದೇನೆಂದು ಕಾಕು ಓಣಿ ತುಂಬ ಹೇಳಿಕೊಂಡು ಬಂದಳು. ಪಾಪ, ಅವಳಿಗೆ ಹೆಮ್ಮೆ. ಒಂದು ಗುಟ್ಟು ನನ್ನದೆಂದು ನನಗೂ ಹೆಮ್ಮೆಯೇ ಇತ್ತು. ಇಪ್ಪತ್ಮೂರರ ವಯಸ್ಸಿನಲ್ಲಿ ಗುಟ್ಟು ಅನ್ನುವುದು ಮೈಮೇಲಿನ ಒಡವೆ ಇದ್ದ ಹಾಗೆ. ಅದು ಯಾರ ಕುತ್ತಿಗೆಗೆ ಬರುತ್ತದೆಂದು ಯೋಚಿಸುವಷ್ಟು ಬುದ್ಧಿ ನನಗಿರಲಿಲ್ಲ.

ಬಿಸಿಲಿನಲ್ಲಿ ದೂರದಿಂದಲೂ ಅವರಿಗೆ ನಿಚ್ಚಳವಾಗಿ ಕಾಣುತ್ತಿದ್ದ ಬಣ್ಣ ಕೆಂಪು ಒಂದೇ. ಅದಕ್ಕೇ ಗುಡ್ಡಕ್ಕೆ ಹೊರಟಾಗೆಲ್ಲ ಕಾಕುಗೆ, “ಆ ದಾಳಿಂಬಿ ಸೀರಿನ ಉಟಗೋ” ಅನ್ನುತ್ತಿದ್ದರು. ದಾಳಿಂಬೆ ಕಾಳಿನ ಬಣ್ಣದ ಆ ಸೀರೆಯನ್ನು ಅವರೇ ಅವಳಿಗೆಂದು ನೇಯ್ದಿದ್ದರು. ಅರವತ್ತರ ಹತ್ತಿರದ ಕಾಕು ಪ್ರತಿ ಸಲವೂ ನಾಚುತ್ತಿದ್ದಳು. ನಮಗೆಲ್ಲ ಕೇಳುವ ಹಾಗೆ, “ಈ ವಯಸ್ಸಿನ್ಯಾಗ ಇವರಿಗೆ ನಾ ಕೆಂಪ ಉಡಬೇಕಂತ” ಅಂದು ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ನಿಜ ಗೊತ್ತಿದ್ದವಳು ನಾನು. ಅವಳ ಸಂತೋಷವನ್ನು ಯಾಕೆ ಕೆಡಿಸಲಿ ಎಂದು ಸುಮ್ಮನಿರುತ್ತಿದ್ದೆ. ಈಗ ಅನ್ನಿಸುತ್ತದೆ, ಅವಳು ತಿಳಿದದ್ದೂ ಸುಳ್ಳಾಗಿರಲಿಲ್ಲ.

ಆ ಸಲ ಶ್ರಾವಣ ಮುಗಿಯುವ ಅಮಾವಾಸ್ಯೆ ಸೋಮವಾರ ಬಂದಿತ್ತು. ಶನಿವಾರ ಮಧ್ಯಾಹ್ನವೇ ಓಣಿಯಲ್ಲಿ ಲಾಳಿಯ ಸದ್ದು ನಿಂತಿತು. ಎರಡೂವರೆ ದಿನದ ರಜೆ. ಶನಿವಾರ ಇಳಿಹೊತ್ತಿನಲ್ಲಿ ಊರ ಗುಡ್ಡ ಹತ್ತಿ, ಮಳೆನೀರು ತುಂಬಿದ ಹೊಂಡದಲ್ಲಿ ಕಾಲು ಬಿಟ್ಟು ಕೂತು ಮಂಡಕ್ಕಿ, ಮಿರ್ಚಿ ತಿಂದೆವು. ಕಾಕಾ ತಮ್ಮ ಬೆಳ್ಳನೆಯ ಕಾಲು ನೀರಲ್ಲಿ ಆಡಿಸುತ್ತ, “ನೋಡ್ರಿ, ಮೀನು ಇವನ್ನ ಅನ್ನಾ ಅಂತ ತಿಳಕೊಂಡಾವು” ಅಂದರು. ಅತ್ತೆ ನಕ್ಕು ನಕ್ಕು ಮಂಡಕ್ಕಿ ನೆತ್ತಿಗೇರಿಸಿಕೊಂಡರು. ಇಂಥ ಸಂಜೆಗಳು ನಮ್ಮ ಓಣಿಯಲ್ಲಿ ಇದ್ದವೆಂದು ಈಗ ಯಾರಿಗಾದರೂ ಹೇಳಿದರೆ ನಂಬುವುದಿಲ್ಲ.

ರವಿವಾರ ನರಗುಂದ. ಎರಡು ಕ್ರೂಸರ್ ಗಾಡಿ ಮಾಡಿದ್ದೆವು, ಹೆಂಗಸರಿಗೊಂದು, ಗಂಡಸರಿಗೊಂದು. ಕಾಕಾ ಬಿಟ್ಟು ಹನ್ನೊಂದು ಮಂದಿ. ನನ್ನ ಗಂಡ ಅಂಗಡಿ ಬಿಟ್ಟು ಬರಲಿಲ್ಲ. ರೋಣ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಹೊಲಗಳಲ್ಲಿ ಹೆಸರುಕಾಯಿ ಬಿಡಿಸುತ್ತಿದ್ದರು, ಸೂರ್ಯಕಾಂತಿ ಹೂ ಬಿಟ್ಟಿತ್ತು. ಎರೆಬಯಲಿನ ನಡುವೆ ಒಮ್ಮೆಲೇ ಎದ್ದು ನಿಂತ ಆ ಗುಡ್ಡ ಕಂಡಾಗ ಕಾಕಾ ಮುಂದಿನ ಗಾಡಿಯಿಂದ ಟವೆಲ್ ಹೊರಗೆ ಚಾಚಿ ಬೀಸಿದರು. ಅವರಿಗೆ ಗುಡ್ಡ ಕಂಡಿತ್ತೋ, ಡ್ರೈವರ್ ಹೇಳಿದನೋ ಗೊತ್ತಿಲ್ಲ.

ಮೇಲೆ ಗಾಳಿಯೆಂದರೆ ಗಾಳಿ. ಪಕ್ಕದಲ್ಲಿದ್ದವರ ಮಾತೇ ಕೇಳುತ್ತಿರಲಿಲ್ಲ. ಬಿದ್ದ ಕೋಟೆಗೋಡೆಯ ಮರೆಯಲ್ಲಿ ಬುತ್ತಿ ಬಿಚ್ಚಿದೆವು. ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ. ಉಂಡಮೇಲೆ ಹುಡುಗಿಯರು ಫೋಟೋ ತೆಗೆದುಕೊಂಡರು. ನಾಲ್ಕು ಗಂಟೆಯ ಸುಮಾರಿಗೆ ಕಾಕಾ ಟವೆಲ್ ತಲೆಗೆ ಸುತ್ತಿ, “ನಾ ಇಳೀತೀನಿ. ಹಿಂದ ಬರ್ರಿ” ಎಂದು ನನ್ನ ಅತ್ತೆಯ ತಮ್ಮನ ಭುಜದ ಮೇಲೆ ಕೈಯಿಟ್ಟುಕೊಂಡು ಹೊರಟರು.

ನಾನೂ ಕಾಕೂ ಪಾತ್ರೆ ತೊಳೆದು ಕಟ್ಟಿ ಕೊನೆಗೆ ಹೊರಟೆವು. ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ನನ್ನ ಸೀರೆ ಜಾಲಿಮುಳ್ಳಿಗೆ ಸಿಕ್ಕಿತು. ಹಸಿರು ಸೀರೆ, ಕಾಕಾ ನೇಯ್ದದ್ದೇ. ಎಳೆದುಕೊಂಡ ರಭಸಕ್ಕೆ ಮೊಣಕಾಲಿನಿಂದ ದಡಿಯ ತನಕ ಸೀಳಿತು. ನಾನು ಅಳುವುದೊಂದು ಬಾಕಿ.

“ಹರದದ್ದು ಹೊಲದ್ರ ಆತು, ಅದಕ್ಯಾಕ ಅಳ್ತಿ?” ಅಂದಳು ಕಾಕು. “ಆದ್ರ ಹಿಂಗ ಪ್ಯಾಟಿಯೊಳಗ ಇಳದ್ರ ನಿಮ್ಮತ್ತಿ ನಿನ್ನ ಬಿಟ್ಟಾಳೇನು? ಬಾ, ನಂದ ನೀ ಉಟಗೋ. ನಿಂದ ನಾ ಉಟಗೋತೀನಿ. ಈ ಮುದುಕಿ ಕಾಲು ಯಾರ ನೋಡತಾರ?”

ಗೋಡೆಯ ಹಿಂದೆ ನಿಂತು ಸೀರೆ ಬದಲು ಮಾಡಿಕೊಂಡೆವು. ನಮ್ಮ ಓಣಿಯಲ್ಲಿ ಇದೇನೂ ದೊಡ್ಡ ಮಾತಲ್ಲ. ಅವರ ಸೀರೆ ಇವರು, ಇವರದು ಅವರು ಉಡುವುದು ನಡೆದೇ ಇರುತ್ತದೆ. ನೆರಿಗೆ ಹಿಡಿಯುತ್ತ ಕಾಕು ನಗುತ್ತಿದ್ದಳು: “ನಮ್ಮನಿಯವರು ಸಿಟ್ಟಾಗತಾರ ನೋಡೀಗ. ಗುಡ್ಡಕ್ಕ ಬಂದ್ರ ನಾ ಕೆಂಪನ ಉಡಬೇಕು ಅವರಿಗೆ.”

ಆಗ ನನಗೆ ನೆನಪಾಯಿತು. ನೆನಪಾಗಲಿಲ್ಲ ಎಂದು ಬರೆದರೆ ಓದುವವರಿಗೆ ನನ್ನ ಮೇಲೆ ಕನಿಕರ ಬಂದೀತು, ಆದರೆ ನೆನಪಾಯಿತು. ಅವರು ಎಣಿಸುವುದು ಈ ಕೆಂಪನ್ನು, ಇಳಿದ ಕೂಡಲೇ ಕಿವಿಯಲ್ಲಿ ಹೇಳಬೇಕು ಅಂದುಕೊಂಡೆ. ಅಷ್ಟರಲ್ಲಿ ಕಾಕು ಚೀಲ ತಡಕಿ, “ಬುತ್ತಿ ಡಬ್ಬಿ ಮುಚ್ಚಳಾ ಅಲ್ಲೇ ಬಿಟ್ಟೆ. ನೀ ನಡಿ, ನಾ ಬಂದೆ” ಎಂದು ಚೀಲ ನನ್ನ ಕೈಗೆ ಕೊಟ್ಟು ಹಿಂದಿರುಗಿದಳು. ಅವಳ ಮೊಬೈಲೂ ಆ ಚೀಲದಲ್ಲೇ ಇತ್ತು. ನಾನು ಇಳಿದೆ.

ಕೆಳಗೆ ಕಾಕಾ ಬೇವಿನ ಗಿಡದ ಕೆಳಗೆ ನಿಂತಿದ್ದರು. ನಾನು ಅವರ ಬೆನ್ನ ಹಿಂದಿನಿಂದ ಬಂದು, “ಕಾಕಾ, ನೀರ ಕುಡದ್ರ್ಯಾ?” ಅಂದೆ. “ಹಾಂ, ಸವಡಿಯಾಕಿ ಬಂತು. ಹತ್ತಾತು” ಎಂದು ಬೆರಳು ಮಡಚಿದರು. ಹೇಳಬೇಕೆಂದು ಬಾಯಿ ತೆರೆದೆ. ಆಗಲೇ ಗಾಡಿಯೊಳಗಿಂದ ಅತ್ತೆ, “ಲಗೂ ಬಾ, ಕಿಟಕಿ ಕಡೆ ಜಾಗಾ ಹೋಗ್ತೈತಿ” ಎಂದು ಕೂಗಿದರು. ನನಗೆ ಗಾಡಿಯಲ್ಲಿ ವಾಕರಿಕೆ ಬರುತ್ತದೆ, ಕಿಟಕಿಯ ಪಕ್ಕ ಬೇಕು. ಓಡಿಹೋಗಿ ಹತ್ತಿದೆ. ಇಂಜಿನ್ ಸದ್ದಿನ ನಡುವೆ ಕಾಕಾನ ದನಿ ಕೇಳಿತು: “ಹನ್ನೊಂದಾತು. ಎಲ್ಲಾರೂ ಬಂದ್ರು. ಬಿಡ್ರಿ ಗಾಡಿ.”

ಎಲ್ಲರೂ ಬಂದರೆಂದರೆ ಕಾಕೂ ಬಂದಳು. ಕಾಕಾನ ಜೊತೆ ಮುಂದಿನ ಗಾಡಿಯಲ್ಲಿ ಕೂತಿದ್ದಾಳೆ ಅಂದುಕೊಂಡೆ. ಆ ಗಾಡಿಯಲ್ಲಿ ಕಾಕಾ, ಹೆಂಡತಿ ಹೆಂಗಸರ ಜೊತೆ ಕೂತಿದ್ದಾಳೆ ಅಂದುಕೊಂಡಿದ್ದರು. ನನ್ನ ದನಿ ಕೇಳಿ ನನ್ನನ್ನು ಒಮ್ಮೆ ಎಣಿಸಿದ್ದರು. ಕೆಂಪು ಸೀರೆ ಗಾಡಿ ಹತ್ತಿದ್ದನ್ನು ಕಂಡು ಅದೇ ನನ್ನನ್ನು ಇನ್ನೊಮ್ಮೆ ಎಣಿಸಿದ್ದರು.

ರೋಣದಲ್ಲಿ ಚಹಕ್ಕೆ ಇಳಿದಾಗ ಗೊತ್ತಾಯಿತು. “ಎಲ್ಲಿ ನಮ್ಮಾಕಿ?” ಅಂದರು ಕಾಕಾ. ಅತ್ತೆ, “ನಿಮ್ಮ ಜೋಡಿ ಇದ್ಲಲ್ರಿ?” ಅಂದರು. ಚಹದ ಅಂಗಡಿಯ ಮುಂದೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಕಾಕಾ ಮಾತ್ರ ನೋಡಿದ್ದು ನನ್ನ ಕಡೆ ಹೊಳೆಯುತ್ತಿದ್ದ ಕೆಂಪನ್ನು. “ಇಲ್ಲೇ ಅದಾಳಲ್ಲ” ಎಂದು ನನ್ನತ್ತ ಎರಡು ಹೆಜ್ಜೆ ಬಂದವರು, “ನಾನ್ರಿ ಕಾಕಾ” ಎಂಬ ನನ್ನ ದನಿಗೆ ಅಲ್ಲೇ ನಿಂತರು. ಅವರಿಗೆ ಎಲ್ಲ ತಿಳಿದದ್ದು ಆಗ. ನನಗೂ.

ಒಂದು ಗಾಡಿ ಹಿಂದಕ್ಕೆ ತಿರುಗಿಸಿದೆವು. ಗುಡ್ಡದ ಬುಡ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ನರಗುಂದದ ನಾಲ್ಕು ಮಂದಿಯೂ ಜೊತೆಗೆ ಬಂದರು, ದೇವರಂಥವರು. ಕೂಗಿದೆವು, ಗಾಳಿ ನಮ್ಮ ಕೂಗನ್ನು ನಮಗೇ ಮರಳಿಸುತ್ತಿತ್ತು. ಶ್ರಾವಣದ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಆ ಹುಲ್ಲಿನಲ್ಲಿ ಹಸಿರು ಸೀರೆ. ಕೆಂಪು ಉಟ್ಟಿದ್ದರೆ ಕೆಳಗಿನಿಂದಲೇ ಕಾಣುತ್ತಿತ್ತು. ಎರಡು ಸಲ ಅವಳ ಹತ್ತಿರದಿಂದಲೇ ಹಾದು ಹೋದೆವು. ಅರ್ಧ ತಾಸಿನ ಮೇಲೆ ಕೋಟೆಗೋಡೆಯ ಕೆಳಗಿನ ಬಂಡೆಯ ಪಕ್ಕದಲ್ಲಿ ಸಿಕ್ಕಳು. ಕಾಲು ಜಾರಿ ಬಿದ್ದು ತಲೆಗೆ ಪೆಟ್ಟಾಗಿತ್ತು. ಉಸಿರಿತ್ತು. ಹುಬ್ಬಳ್ಳಿಯ ದವಾಖಾನೆಗೆ ಒಯ್ದೆವು. ಮರುದಿನ, ಅಮಾವಾಸ್ಯೆಯ ಮಧ್ಯಾಹ್ನ, ಹೋದಳು. ಎರಡು ತಾಸು ಮೊದಲೇ ತಂದಿದ್ದರೆ ನೋಡಬಹುದಿತ್ತು ಎಂದು ಡಾಕ್ಟರು ಮೆಲ್ಲಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು.

ಅಸೂಟಿಯಿಂದ ಮಗಳು ಬಂದಿದ್ದಳು. ದವಾಖಾನೆಯ ಪಡಸಾಲೆಯಲ್ಲಿ ತಂದೆಯ ಎದುರು ನಿಂತು ಕೇಳಿದಳು: “ಹ್ಯಾಂಗ ಬಿಟ್ಟ ಬಂದಿ?”

“ಮರತೆ” ಅಂದರು ಕಾಕಾ.

“ಮರತೆ? ಹೆಂಡ್ತಿನ್ನ ಮರತಿ? ಅಕಿ ಏನ ಛತ್ರಿ ಏನು, ಬಸ್ಸಿನ್ಯಾಗ ಮರತ ಬರಾಕ?”

“ಹೌದವಾ. ಮರತೆ.”

ನಾನು ಗೋಡೆಗೆ ಆತು ನಿಂತಿದ್ದೆ. ಕಣ್ಣು ಕಾಣುವುದಿಲ್ಲ ಎಂಬ ಎರಡು ಮಾತು ಸಾಕಿತ್ತು. ಬಾಯಿ ತೆರೆದೆ. “ಕಾಕಾ...” ಅಂದೆನೋ ಇಲ್ಲವೋ, ಅವರು ದನಿ ಬಂದ ಕಡೆ ತಿರುಗಿ, “ಸವಡಿಯಾಕಿ, ಹೋಗಿ ಎಲ್ಲಾರಿಗೂ ಚಾ ತಗೊಂಬಾ” ಅಂದರು. ನಾನು ಚಹ ತರಲು ಹೋದೆ. ಆ ಹೊತ್ತಿನಲ್ಲಿ ನನ್ನನ್ನು ಅಲ್ಲಿಂದ ಕಳಿಸಿದ್ದಕ್ಕೆ ಅವರ ಮೇಲೆ ಎಷ್ಟು ಕೃತಜ್ಞತೆ ಹುಟ್ಟಿತೆಂದರೆ, ನೆನೆದರೆ ಈಗಲೂ ಮುಖ ತೊಳೆದುಕೊಳ್ಳಬೇಕೆನ್ನಿಸುತ್ತದೆ.

ಮಗಳು ಮಣ್ಣು ಮುಗಿಸಿ ಹೋದವಳು ಮತ್ತೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಓಣಿಯ ಮಂದಿ ಮೊದಲು ಪಿಸುಗುಟ್ಟಿದರು, ಆಮೇಲೆ ಎದುರಿಗೇ ಅಂದರು. ಹೆಂಡತಿಯನ್ನು ಗುಡ್ಡದ ಮೇಲೆ ಮರೆತು ಬಂದವ ಎಂಬುದು ಅವರ ಹೆಸರಾಯಿತು. ಗಂಡಹೆಂಡಿರ ನಡುವೆ ಅಂದು ಜಗಳವಾಗಿತ್ತಂತೆ, ಬೇಕೆಂದೇ ಬಿಟ್ಟನಂತೆ ಎಂದವರೂ ಇದ್ದರು. ಸೀರೆ ಬದಲಾದದ್ದು ಎಲ್ಲ ಹೆಂಗಸರಿಗೂ ಗೊತ್ತಿತ್ತು, ಆದರೆ ಕಣ್ಣಿನ ವಿಷಯ ಗೊತ್ತಿರದೆ ಅದಕ್ಕೊಂದು ಅರ್ಥವೇ ಇರಲಿಲ್ಲ. ಎರಡೂ ಗೊತ್ತಿದ್ದವರು ನಾವಿಬ್ಬರೇ.

ಮಗ್ಗ ಉಳಿಸಿಕೊಳ್ಳಲು ಅವರು ಕಣ್ಣಿನ ಮಾತು ಮುಚ್ಚಿಡುತ್ತಿದ್ದಾರೆ ಅಂದುಕೊಂಡೆ. ಹಾಗಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು. ಅವರ ಸ್ವಾರ್ಥ ಅವರಿಗೆ, ನನ್ನ ಭಯ ನನಗೆ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಮುಂದಿನ ತಿಂಗಳು ಅವರೇ ನೂಲು ಕೊಡುವವರನ್ನು ಕರೆಸಿ, ಮೊಣಕಾಲು ನೋವು, ಇನ್ನಾಗುವುದಿಲ್ಲ ಎಂದು ಹೇಳಿ ಮಗ್ಗ ಬಿಚ್ಚಿಸಿದರು. ಕುಣಿಗೆ ಮಣ್ಣು ತುಂಬಿಸಿದರು. ಅಂದು ಸಂಜೆ ನಾನು ಹೋಗಿ ಅವರ ಮುಂದೆ ಕೂತು ಅತ್ತುಬಿಟ್ಟೆ. ಎಲ್ಲರಿಗೂ ಹೇಳುತ್ತೇನೆ ಅಂದೆ.

ಅವರು ಹೊಸದಾಗಿ ಮುಚ್ಚಿದ ನೆಲವನ್ನು ಅಂಗೈಯಿಂದ ತಟ್ಟಿ ಸಮ ಮಾಡುತ್ತಿದ್ದರು. “ಹೇಳಿ ಏನ ಮಾಡ್ತಿ? ಕಣ್ಣಿಲ್ಲದಂವ ಅಂತ ನನ್ನ ಬಿಡ್ತಾರ. ಆಮ್ಯಾಲ ಕೇಳ್ತಾರ, ಇದು ಯಾರಿಗೆ ಗೊತ್ತಿತ್ತು ಅಂತ. ನಿನ್ನ ಹಿಡೀತಾರ. ನಿಮ್ಮತ್ತಿ ಹಿಡೀತಾಳ, ನಿನ್ನ ಗಂಡ ಹಿಡೀತಾನ. ಈ ಓಣ್ಯಾಗ ನೀ ಇನ್ನೂ ಐವತ್ತ ವರ್ಷ ಬಾಳಬೇಕು. ನಂದೇನೈತಿ, ನಾಕ ದಿನ. ಗುಟ್ಟ ಮಾಡು ಅಂತ ನಿನಗ ಹೇಳಿದಂವ ನಾನ. ಅಕಿನ್ನ ಕೊಂದಂವ ನಾನ. ಸುಮ್ನ ಮನಿಗೆ ಹೋಗು.”

ನಾನು ಸುಮ್ಮನೆ ಮನೆಗೆ ಹೋದೆ. ಅವರು ಹೇಳಿದ್ದು ಮಾಡಿದೆ, ಅಷ್ಟೇ ಎಂದು ನನಗೆ ನಾನೇ ನಾಲ್ಕು ವರ್ಷ ಹೇಳಿಕೊಂಡೆ.

ಆ ನಾಲ್ಕು ವರ್ಷವೂ ಅವರು ಕಣ್ಣಿದ್ದವರ ಹಾಗೆಯೇ ನಟಿಸಿದರು. ಗೋಡೆ ಹಿಡಿಯದೆ ಓಣಿಯಲ್ಲಿ ನಡೆಯುತ್ತಿದ್ದರು, ಹೆಜ್ಜೆಯ ಲೆಕ್ಕದ ಮೇಲೆ. ಅಮಾವಾಸ್ಯೆಗೆ ಒಬ್ಬರೇ ಊರ ಗುಡ್ಡ ಹತ್ತುತ್ತಿದ್ದರು. ಗುಡ್ಡದ ಕಲ್ಲಿನ ಪಾವಟಿಗೆಗಳೆಲ್ಲ ಕಾಲಿಗೆ ಬಾಯಿಪಾಠ. ಇನ್ನೂ ಗುಡ್ಡ ಹತ್ತುವ ಹುಮ್ಮಸ್ಸು ನೋಡು ಇವನಿಗೆ ಎಂದು ಓಣಿ ಉಗಿಯಿತು. ಒಮ್ಮೆ ನಾನೂ ಹಿಂದಿನಿಂದ ಹತ್ತಿದೆ. ಮೇಲೆ ಅವರು ಏನೂ ಮಾಡುತ್ತಿರಲಿಲ್ಲ. ಬಿಸಿಲಲ್ಲಿ ಕಾಲು ಚಾಚಿ ಕೂತಿದ್ದರು. ಆ ಕಾಲು ಈಗ ಬೆಳ್ಳಗಿರಲಿಲ್ಲ, ಮುಖದ ಬಣ್ಣಕ್ಕೇ ತಿರುಗಿದ್ದವು. “ಸವಡಿಯಾಕಿ ಏನು?” ಎಂದು ಹೆಜ್ಜೆಯ ಸದ್ದಿಗೇ ಕೇಳಿದರು. ಹೌದ್ರಿ ಅಂದೆ. “ನೀ ಮೊದಲ ಇಳಿ. ನಿನ್ನ ಹಿಂದ ಬರ್ತೀನಿ” ಅಂದರು. ಯಾರನ್ನೂ ಕೆಳಗೆ ನಿಂತು ಎಣಿಸುವುದನ್ನು ಅವರು ಬಿಟ್ಟಿದ್ದರು.

ಕಳೆದ ಮಾಗಿಯ ಚಳಿಯಲ್ಲಿ ಮೂರು ದಿನ ಜ್ವರ ಬಂದು ತೀರಿಕೊಂಡರು. ಬಾಯಿಗೆ ನೀರು ಬಿಟ್ಟವಳು ನಾನು. ಮಗಳು ಬಂದು, ದೂರ ನಿಂತು, ಒಂದು ಹಿಡಿ ಮಣ್ಣು ಹಾಕಿ ಹೋದಳು. ಅವಳ ಆ ಮುಖ ನೋಡಿದ ಮೇಲೆ ನನಗೆ ಅನ್ನ ಇಳಿಯಲಿಲ್ಲ. ಐದನೆಯ ದಿನ ಅಸೂಟಿಯ ಬಸ್ಸು ಹತ್ತಿದೆ.

ಅವಳು ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. “ಬರ್ರಿ ವೈನಿ” ಎಂದು ಚಾಪೆ ಹಾಸಿದಳು. ನಾನು ಎಲ್ಲ ಹೇಳಿದೆ. ನೀಲಿಯೆಂದು ಹಸಿರು ನೇಯ್ದದ್ದು, ಕೆಂಪು ಸೀರೆ, ಮುಳ್ಳು, ಕಿಟಕಿಯ ಜಾಗ, ಒಂದನ್ನೂ ಬಿಡಲಿಲ್ಲ. ಹೊಡೆದರೆ ಹೊಡೆಸಿಕೊಳ್ಳುತ್ತೇನೆ ಎಂದೇ ಹೋಗಿದ್ದೆ. ಅವಳು ನನ್ನನ್ನು ಬೈಯಲಿಲ್ಲ. ಮೊರವನ್ನು ಕೆಳಗಿಟ್ಟಳು.

“ಹ್ವಾದ ಪಂಚಮಿಗೆ ನಾ ಬಂದಿದ್ದೆ” ಅಂದಳು. “ಅವ್ವ ಹ್ವಾದ ಮ್ಯಾಲ ಪಂಚಮಿಗೆ ತವರ ಅನ್ನೂದ ಇರಲಿಲ್ಲ ನನಗ. ಎಷ್ಟಂದ್ರೂ ಹಡದಪ್ಪ ಅಂತ ಮನಸ ತಡೀಲಿಲ್ಲ. ಉಂಡಿ ಕಟಗೊಂಡು ಬಂದೆ. ಕಟ್ಟಿ ಮ್ಯಾಲ ಕುಂತಿದ್ದ. ಎದುರಿಗೆ ಹೋಗಿ ನಿಂತೆ. ಅಪ್ಪಾ ಅನ್ನಾಕ ಬಾಯಿ ಬರಲಿಲ್ಲ. ಅಂವನ ಮೊದಲ ಮಾತಾಡ್ಲಿ ಅಂತ ನಿಂತೆ. ನನ್ನ ಮಾರೀನ ನೋಡಿದ, ವೈನಿ. ನೋಡಿ ಸುಮ್ನ ಕುಂತ. ಬಾ ಅನಲಿಲ್ಲ, ಹೋಗು ಅನಲಿಲ್ಲ. ನಾ ಹಂಗ ಹೊಳ್ಳಿ ಬಂದೆ. ಉಂಡಿ ಬಸ್ ಸ್ಟ್ಯಾಂಡಿನ್ಯಾಗ ಯಾರಿಗೋ ಕೊಟ್ಟೆ.”

ಓಣಿಗೆ ಯಾರು ಬಂದರೂ ನಮ್ಮ ಕಟ್ಟೆಯಿಂದ ನಾನು, “ಕಾಕಾ, ಇಂಥವರು ಬಂದಾರ್ರಿ” ಎಂದು ಕೂಗಿ ಹೇಳುತ್ತಿದ್ದೆ. ಆ ಪಂಚಮಿಗೆ ನಾನು ಸವಡಿಗೆ, ನನ್ನ ತವರಿಗೆ, ಹೋಗಿದ್ದೆ.

“ಆವತ್ತು ಅಪ್ಪಗ ನಾ ಕಂಡಿದ್ನೇನ್ರಿ?” ಎಂದು ಅವಳು ಕೇಳಿದಳು.

“ಇಲ್ರಿ” ಅಂದೆ.

ಅವಳು ಗೋಡೆಗೆ ಆತುಕೊಂಡಳು. ಕಣ್ಣಲ್ಲಿ ನೀರು ಬರಲಿಲ್ಲ. ಮೊರವನ್ನು ಮತ್ತೆ ಕೈಗೆತ್ತಿಕೊಂಡು, “ಬಸ್ಸಿಗೆ ಹೊತ್ತಾಗ್ತೈತಿ. ನೀವು ಹೋಗ್ರಿ” ಅಂದಳು. ಹಗೆಯವರು ಬಂದರೂ ಚಹ ಕುಡಿದು ಹೋಗಿ ಅನ್ನದೆ ನಮ್ಮ ಕಡೆ ಯಾರೂ ಯಾರನ್ನೂ ಕಳಿಸುವುದಿಲ್ಲ. ಅವಳು ಅನ್ನಲಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ.